ಸವೆದ ಪಾರ್ಥಿಯನ್ ಡ್ರಾಕ್ಮ: ಹನ್ನೊಂದರಲ್ಲಿ ಆರಕ್ಕೆ ರಾಜ ಸಿಕ್ಕಿದ

ಸವೆದ ಪಾರ್ಥಿಯನ್ ಡ್ರಾಕ್ಮ (ಹಳೇ ಇರಾನ್ ಆಳಿದ ಪಾರ್ಥಿಯಾ ರಾಜರ ಬೆಳ್ಳಿ ನಾಣ್ಯ) ತಗೋಬೇಡ, ಯಾವ ರಾಜಂದು ಅಂತ ಗೊತ್ತಾಗಲ್ಲ, ದುಡ್ಡು ದಂಡ ಅಂತ ನಾಣ್ಯ ಸಂಗ್ರಹದ ಗ್ರೂಪಲ್ಲಿ ಹಿರಿಯರೆಲ್ಲ ಬೈದಿದ್ರು. ಅವರ ಮಾತೂ ಸುಳ್ಳಲ್ಲ ಬಿಡಿ, ಯಾರೇ ಆಳಲಿ ನಾಣ್ಯದ ಮೇಲೆ ಸಾಮಾನ್ಯವಾಗಿ 'ಅರ್ಸಾಕೆಸ್' ಅಂತ ವಂಶದ ಮೂಲಪುರುಷನ ಹೆಸರೇ ಇರುತ್ತೆ. ಆದ್ರೂ ಇಲ್ಲಿ ಮ್ಯೂನಿಕ್‌ನಲ್ಲಿ ಒಂದು ಹರಾಜಲ್ಲಿ ಹನ್ನೊಂದರ ಲಾಟ್ ಎತ್ತಿದೆ, ಕಮಿಷನ್ ಸೇರಿ 240 ಯೂರೋ ಹತ್ತಿರ. ಮನೇಲಿ 140 ಅಂತ ಹೇಳಿದೀನಿ.

ಮೊದಲ ಎರಡನ್ನ ನಾನೇ ಹಾಳು ಮಾಡಿದೆ. ಅಮ್ಮ ಬೆಳ್ಳಿ ದೀಪಕ್ಕೆ ವಿಭೂತಿ ಹಾಕಿ ಉಜ್ತಿದ್ದಳಲ್ಲ, ಹಾಗೇ ಉಜ್ಜಿದೆ, ಫಳಫಳ ಹೊಳೀತು, ಗಡ್ಡದ ಗೆರೆ ಮಾತ್ರ ಮಾಯ, ರಾಜ ಪಿಯುಸಿ ಹುಡುಗನ ಥರ ಆಗೋದ.

ಆಮೇಲೆ ಅಕ್ಷರ ಓದೋದನ್ನೇ ಬಿಟ್ಟೆ. ನಾಣ್ಯದ ಹಿಂಬದಿಯ ಬಿಲ್ಲುಗಾರನ ಸುತ್ತ ಚೌಕವಾಗಿರೋ ಗ್ರೀಕ್ ಸಾಲು ಎರಡನೇ ಒರೋಡೆಸ್‌ದೂ ಅವನ ಮಗ ನಾಲ್ಕನೇ ಫ್ರಾಟೆಸ್‌ದೂ ಹೆಚ್ಚುಕಮ್ಮಿ ಒಂದೇ, ಇಬ್ಬರ ಹಣೆ ಮೇಲೂ ನರುಲಿ ಬೇರೆ, ಅದನ್ನ ನೋಡಿ ಏನು ಮಾಡ್ತೀರ! ನಾನು ನೋಡಿದ್ದು ಮುಂಬದಿಯಲ್ಲಿ ರಾಜನ ತಲೆ ಹಿಂದಿನ ಖಾಲಿ ಜಾಗ. ಟಾರ್ಚನ್ನ ಮೇಜಿಗೆ ಅಂಟಿಸಿದ ಹಾಗೆ ಕೆಳಗಿಟ್ಟು, ನಾಣ್ಯ ಚೂರುಚೂರೇ ತಿರುಗಿಸಿ ಎಂಟೆಂಟು ಫೋಟೋ ತೆಗೆದೆ, ಏಳರಲ್ಲಿ ಏನೂ ಇಲ್ಲ, ಎಂಟನೇದ್ರಲ್ಲಿ ಹದ್ದು, ಕೊಕ್ಕಲ್ಲಿ ಮಾಲೆ! ಅಲ್ಲಿಗೆ ಫ್ರಾಟೆಸ್ ಅಂತ ಗ್ಯಾರಂಟಿ. ನಕ್ಷತ್ರ, ಅರ್ಧಚಂದ್ರ ಕಂಡ್ರೆ ಕುಣಿಬೇಡಿ, ಅದು ಅಪ್ಪ ಮಗ ಇಬ್ಬರದ್ರಲ್ಲೂ ಬರುತ್ತೆ, ನಾನು ಅದನ್ನ ನಂಬಿ ಒಂದು ವಾರ ತಪ್ಪು ಡಬ್ಬಿಯಲ್ಲಿ ಇಟ್ಟಿದ್ದೆ. ಬಿಲ್ಲಿನ ಕೆಳಗಿನ ಟಂಕಸಾಲೆ ಗುರುತೂ ಇದೇ ಬೆಳಕಲ್ಲಿ ಏಳುತ್ತೆ. ಟಾರ್ಚ್ ಬಾಯಿಗೆ ಏನು ಕಟ್ತೀನಿ ಅನ್ನೋದು ಮಾತ್ರ ಕೇಳಬೇಡಿ.

ಮಧ್ಯೆ ಒಂದು ಹುಚ್ಚು, ದಾರ ಕಟ್ಟಿ ನೀರಲ್ಲಿ ಮುಳುಗಿಸಿ ಸಾಂದ್ರತೆ ನೋಡಕ್ಕೆ ಹೋದೆ. ಒಳ್ಳೆ ಬೆಳ್ಳಿ ಆದ್ರೆ 10.5ರ ಹತ್ತಿರ ಬರಬೇಕು, ನಂಗೆ ಒಂದೇ ನಾಣ್ಯಕ್ಕೆ 8.9, 10.1, 9.6 ಅಂತ ಮೂರು ಉತ್ತರ. ಡ್ರಾಕ್ಮ ಇರೋದೇ ನಾಲ್ಕು ಗ್ರಾಂ ಒಳಗೆ, ತಕ್ಕಡಿ ಪಾಯಿಂಟ್ ಸೊನ್ನೆ ಒಂದು ಆಚೀಚೆ ಆದ್ರೂ ಲೆಕ್ಕ ಕೆಟ್ಟೋಗುತ್ತೆ, ಬಿಟ್ಟಾಕಿದೆ.

ಕೊನೆಗೆ ಆರಕ್ಕೆ ರಾಜ ಸಿಕ್ಕಿದ, ಎರಡು ಇನ್ನೂ ಅನುಮಾನ, ಒಂದು ಅಚ್ಚಲ್ಲಿ ಎರಕ ಹೊಯ್ದ ನಕಲಿ, ಅಂಚಲ್ಲಿ ಗೆರೆ ಇತ್ತು. ಹದ್ದಿನ ನಾಣ್ಯನ ಬೈದವರಲ್ಲೇ ಒಬ್ಬರು 85 ಯೂರೋಗೆ ತಗೊಂಡ್ರು, ಚೌಕಾಸಿನೂ ಮಾಡಲಿಲ್ಲ.