ರಸ್ತೇಲಿ ಚೆನ್ನಾಗಿ ನಡೆದವರು ಬಚ್ಚಲಮನೆ ಹೊಸಿಲಲ್ಲಿ ಎಡವಿದ್ರು

ಸ್ಟ್ರೋಕ್ ಆದವರ ಮನೆಗೆ ಹೋಗಿ ಫಿಸಿಯೋಥೆರಪಿ ಮಾಡೋಳು ನಾನು. ಎಲ್ಲರ ಮನೇಲೂ ಮೊದಲು ಕೇಳೋದು, "ಮೇಡಂ, ಮುಂಚಿನ ಥರ ಯಾವಾಗ ನಡೀತಾರೆ?" ಅದಕ್ಕೆ ಉತ್ತರ ಹೇಳ್ಬೇಕಂದ್ರೆ ಈಗ ಹೆಂಗೆ ನಡೀತಿದ್ದಾರೆ ಅಂತ ಅಳೀಲೇಬೇಕು.

ಮನೆ ಮುಂದೆ ಸಿಮೆಂಟ್ ರಸ್ತೆ ಇದ್ರೆ ಸಾಕು, ಟೇಪ್ ಹಿಡಿದು 14 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೀತೀನಿ, ಶುರುವಿನ 2 ಕೊನೆಯ 2 ಬಿಟ್ಟು ನಡುವಿನ 10 ಮೀಟರ್‌ಗೆ ಮಾತ್ರ ಮೊಬೈಲಲ್ಲಿ ಟೈಮ್ ಹಿಡೀತೀನಿ, ಯಾಕಂದ್ರೆ ಹೊರಡುವಾಗ ನಿಲ್ಲುವಾಗ ಯಾರಾದ್ರೂ ನಿಧಾನಾನೇ. ನಾನು ಬಲ ಕಮ್ಮಿ ಇರೋ ಕಡೆ ಅರ್ಧ ಹೆಜ್ಜೆ ಹಿಂದೆ ಇರ್ತೀನಿ, ಮುಂದೆ ಹೋದ್ರೆ ನನ್ನ ಸ್ಪೀಡಿಗೇ ಬರೋಕೆ ನೋಡ್ತಾರೆ. ಯಾವ ಚಪ್ಪಲಿ, ಕೋಲು ಇತ್ತಾ, ಸ್ಪ್ಲಿಂಟ್ (ಪಾದಕ್ಕೆ ಆಸರೆಯಾಗಿ ಕಟ್ಟೋ ಪಟ್ಟಿ) ಇತ್ತಾ ಎಲ್ಲಾ ಬರ್ಕೋಬೇಕು, ಮುಂದಿನ ಸಲಾನೂ ಅದೇ ಇರ್ಬೇಕು. ಸೆಕೆಂಡಿಗೆ 0.4 ಮೀಟರ್‌ಗಿಂತ ಕಮ್ಮಿ ಬಂದ್ರೆ ಓಡಾಟ ಹೆಚ್ಚುಕಮ್ಮಿ ಮನೆಯೊಳಗೇ, 0.8 ದಾಟಿದ್ರೆ ಹೊರಗೂ ಓಡಾಡಬಹುದು ಅನ್ನೋದು ನಾವು ಬಳಸೋ ಲೆಕ್ಕ.

ಒಬ್ಬರು ಯಜಮಾನ್ರು, ಸ್ಟ್ರೋಕ್ ಆಗಿ ಎಡಗಡೆ ಸ್ವಾಧೀನ ತಪ್ಪಿತ್ತು. ಮೊದಲು 10 ಮೀಟರ್‌ಗೆ 26 ಸೆಕೆಂಡ್ ತಗೋತಿದ್ದವರು 12ಕ್ಕೆ ಬಂದ್ರು, ಅಂದ್ರೆ 0.83. ನಾನು ಖುಷೀಲಿ "ಇನ್ಮೇಲೆ ಮನೇಲಿ ಒಬ್ಬರೇ ಓಡಾಡಿ" ಅಂದ್ಬಿಟ್ಟೆ. ಮೂರೇ ದಿನಕ್ಕೆ ಅವರ ಹೆಂಡತಿ ಫೋನ್ ಮಾಡಿದ್ರು, ಬಚ್ಚಲಮನೆ ಹೊಸಿಲು ಎಡವಿ ಬಿದ್ದಿದ್ರು. ಪುಣ್ಯಕ್ಕೆ ಮೂಳೆ ಮುರಿದಿರ್ಲಿಲ್ಲ, ಆದ್ರೆ ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಮಾರನೇ ದಿನ ಪಕ್ಕದಲ್ಲೇ ನಿಂತು "ಬಚ್ಚಲಿಗೆ ಹೋಗೋ ಥರಾನೇ ಹೋಗಿ ಯಜಮಾನ್ರೇ" ಅಂದೆ. ಹೊಸಿಲ ಹತ್ರ ಬರೋ ಹೊತ್ತಿಗೆ ಒಳಗಿಂದ ಅವರ ಹೆಂಡತಿ "ರೀ, ಬಿಸಿನೀರು ಸಾಕಾ?" ಅಂದ್ರು, ಇವರು ಆ ಕಡೆ ತಿರುಗಿ "ಹೂಂ" ಅನ್ನುವಾಗಲೇ ಎಡಗಾಲಿನ ಬೆರಳು ಹೊಸಿಲಿಗೆ ತಗುಲ್ತು. ರಸ್ತೇಲಿ ಅಳೆದಾಗ ಅವರ ಗಮನ ಪೂರ್ತಿ ಕಾಲಿನ ಮೇಲಿತ್ತು, ಯಾರೂ ಮಾತಾಡಿಸಿರ್ಲಿಲ್ಲ, ತಿರುಗೋದೂ ಇರ್ಲಿಲ್ಲ.

ಅವತ್ತಿಂದ ಅದೇ 10 ಮೀಟರ್ ಇನ್ನೊಂದ್ಸಲ ಮಾತಾಡಿಸ್ತಾ ನಡೆಸ್ತೀನಿ, ಊರಿನ ಜಾತ್ರೆ ಬಗ್ಗೆ, ಮೊಮ್ಮಕ್ಕಳ ಬಗ್ಗೆ. ಇವರ 12 ಸೆಕೆಂಡ್ 19 ಆಯ್ತು! ಕೆಲವರು ಉತ್ತರ ಹೇಳೋಕೆ ನಿಂತೇಬಿಡ್ತಾರೆ, ಅದನ್ನೂ ಬರ್ಕೋತೀನಿ. ಕುರ್ಚಿಯಿಂದ ಎದ್ದು 3 ಮೀಟರ್ ಹೋಗಿ ತಿರುಗಿ ಬಂದು ಕೂರೋದನ್ನ ಮಾಡಿಸುವಾಗ ಟೈಮಿಗಿಂತ ತಿರುಗೋ ಜಾಗದಲ್ಲಿ ಎಷ್ಟು ಹೆಜ್ಜೆ ಹಾಕಿದ್ರು ಅಂತ ನೋಡ್ತೀನಿ. ಕೊನೆಗೆ ಮನೆಯ ಹೊಸಿಲುಗಳನ್ನೆಲ್ಲ ದಾಟಿಸ್ತೀನಿ.

ಆ ಯಜಮಾನ್ರ ಮನೆ ಹೊಸಿಲಿಗೆ ಹಳದಿ ಟೇಪ್ ಅಂಟಿಸಿದ್ವಿ, ಮಾತಾಡ್ತಾ ಕಾಲೆತ್ತಿ ದಾಟೋದನ್ನ ದಿನಾ ಪ್ರಾಕ್ಟೀಸ್ ಮಾಡ್ತಿದ್ದಾರೆ. ಸದ್ಯಕ್ಕೆ ಅವರ ಹೆಂಡತಿ ಮಾತ್ರ ಇವರು ಒಳಗೆ ಬಂದು ಗೋಡೆ ಹಿಡಿಯೋವರೆಗೂ ಬಿಸಿನೀರಿನ ಸುದ್ದಿ ಎತ್ತಲ್ಲ.