ಹಸಿರು ಅಕ್ಷರದ ಜೋಕರ್

‘ಬ್ಯಾಟ್‌ಮ್ಯಾನ್: ದಿ ಕಿಲ್ಲಿಂಗ್ ಜೋಕ್’ ಎಂಬ ಕಾಮಿಕ್ಸ್ ಪುಸ್ತಕ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಮುಖಪುಟದ ಮೇಲಿನ ಶೀರ್ಷಿಕೆಯ ಬಣ್ಣದ ಕಡೆಗೆ. ಹಸಿರಾಗಿದ್ದರೆ ಮೊದಲ ಮುದ್ರಣ. ಗುಲಾಬಿಯೋ ಹಳದಿಯೋ ಆಗಿದ್ದರೆ ಆಮೇಲಿನದು. 1988ರಲ್ಲಿ ಡಿಸಿ ಕಾಮಿಕ್ಸ್ ಹೊರತಂದ ಈ ಕಥೆ ಎಷ್ಟು ಬೇಗ ಖರ್ಚಾಯಿತೆಂದರೆ ಮರುಮುದ್ರಣಗಳು ಒಂದರ ಬೆನ್ನಿಗೆ ಒಂದು ಬಂದವು, ಅಕ್ಷರದ ಬಣ್ಣವೂ ಬದಲಾಗುತ್ತ ಹೋಯಿತು. ಕಥೆ ಅಲನ್ ಮೂರ್ ಅವರದು, ಚಿತ್ರ ಬ್ರಯಾನ್ ಬೋಲಂಡ್ ಅವರದು, ಬಣ್ಣ ಜಾನ್ ಹಿಗಿನ್ಸ್ ಅವರದು. ಈ ಮೂರನೆಯ ಹೆಸರನ್ನು ಸಂಗ್ರಾಹಕರು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ನಾನು ಪ್ರತಿಗಳನ್ನು ಒಟ್ಟುಮಾಡಿದ್ದೇ ಆ ಹೆಸರಿನ ಸುತ್ತ.

ಹಸಿರು ಅಕ್ಷರದ ಪ್ರತಿ ಅಪರೂಪವೇನಲ್ಲ. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಸಂಚಿಕೆಯನ್ನು ಓದಿ ಎಸೆದವರೇ ಹೆಚ್ಚು. 1988ರ ಹೊತ್ತಿಗೆ ಕಾಮಿಕ್ಸ್ ಕೊಂಡು ಜೋಪಾನವಾಗಿ ಎತ್ತಿಡುವ ಜನ ಹುಟ್ಟಿಕೊಂಡಿದ್ದರು. ಹಾಗಾಗಿ ಹೊಸದರಂತಿರುವ ಪ್ರತಿಗಳು ಈಗಲೂ ಸಿಗುತ್ತವೆ. ಮಾರುವವರು ಮಾತ್ರ ಕೊಹಿನೂರ್ ತೋರಿಸುವ ಗತ್ತಿನಲ್ಲಿ ತೋರಿಸುತ್ತಾರೆ.

ನಾನು ಬೆಂಗಳೂರಿನಲ್ಲಿ ಕುಳಿತು ಹೊರದೇಶದ ಮಾರಾಟಗಾರರಿಂದ ತರಿಸಿಕೊಳ್ಳುವವನು. ಪುಸ್ತಕ ಕೈಯಲ್ಲಿ ಹಿಡಿದು ನೋಡುವ ಅವಕಾಶವಿಲ್ಲ. ಜಾಹೀರಾತಿನಲ್ಲಿ ‘1988ರ ಮೂಲ ಪ್ರತಿ’ ಎಂದಿದ್ದರೆ ಅದಕ್ಕೆ ನಾನು ಬೆಲೆ ಕೊಡುವುದಿಲ್ಲ. ಹಕ್ಕುಸ್ವಾಮ್ಯದ ವರ್ಷ ಮರುಮುದ್ರಣದಲ್ಲೂ 1988 ಎಂದೇ ಇರುತ್ತದೆ. ಒಬ್ಬ ಮಾರಾಟಗಾರ ಗುಲಾಬಿ ಅಕ್ಷರದ ಪ್ರತಿಯನ್ನು ಇದೇ ವರ್ಷದ ಆಧಾರದ ಮೇಲೆ ಮೊದಲ ಮುದ್ರಣವೆಂದು ಕೊನೆಯವರೆಗೂ ಸಾಧಿಸಿದ. ಅವನು ಸುಳ್ಳುಗಾರನೆಂದು ನನಗೆ ಅನಿಸಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನೇ ಓದಿದ್ದ, ಆದರೆ ಅರ್ಧ ಓದಿದ್ದ. ಹಾಗಾಗಿ ನಾನು ಮೂರು ಫೋಟೋ ಕೇಳುತ್ತೇನೆ: ಮುಖಪುಟ, ಬೆನ್ನು, ಪ್ರಕಾಶಕರ ವಿವರವಿರುವ ಸಣ್ಣಕ್ಷರದ ಸಾಲುಗಳು. ಮುಖಪುಟದಲ್ಲಿ ಬೆಲೆಯನ್ನೂ ನೋಡುತ್ತೇನೆ. ಮೊದಲ ಮುದ್ರಣಕ್ಕೆ ಮೂರೂವರೆ ಡಾಲರ್ ಇತ್ತು, ವರ್ಷ ಕಳೆದಂತೆ ಬೆಲೆ ಏರಿತು.

ಬೆನ್ನಿನ ಫೋಟೋ ಏಕೆಂದರೆ, ಇದು ಪಿನ್ ಹೊಡೆದ ಸಾಮಾನ್ಯ ಕಾಮಿಕ್ಸ್ ಅಲ್ಲ. 1986ರ ‘ದಿ ಡಾರ್ಕ್ ನೈಟ್ ರಿಟರ್ನ್ಸ್’ ಜೊತೆ ಡಿಸಿ ಚಾಲ್ತಿಗೆ ತಂದ ಚೌಕ ಬೆನ್ನಿನ, ಒಳ್ಳೆಯ ಕಾಗದದ ಪುಸ್ತಕ. ಪುಟಗಳನ್ನು ಅಂಟಿನಿಂದ ಕೂಡಿಸಿರುತ್ತಾರೆ. ಒಮ್ಮೆ ಪೂರ್ತಿ ಅಗಲಿಸಿ ಓದಿದರೆ ಅಂಟು ಬಿರುಕು ಬಿಡುತ್ತದೆ. ಮುಖಪುಟ ಗಾಢ ಬಣ್ಣದ್ದಾದ್ದರಿಂದ ಬೆನ್ನಿನ ಮೇಲಿನ ಒಂದೊಂದು ಮಡಿಕೆಯೂ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಹಸಿರು, ಗುಲಾಬಿ, ಹಳದಿ ಮೂರೂ ಕೈಗೆ ಬಂದವು. ಮೇಜಿನ ಮೇಲೆ ಸಾಲಾಗಿ ಇಟ್ಟು ಪುಟ ಪುಟ ಹೋಲಿಸಿದೆ. ಒಳಗೆ ಹೆಚ್ಚುಕಡಿಮೆ ಅದೇ ಪುಸ್ತಕ. ನಿಜವಾದ ವ್ಯತ್ಯಾಸ ಕಂಡದ್ದು ಅವುಗಳ ಪಕ್ಕದಲ್ಲಿ 2008ರ ಗಟ್ಟಿ ರಟ್ಟಿನ ಆವೃತ್ತಿಯನ್ನು ತೆರೆದಾಗ. ಅದರಲ್ಲಿ ಬೋಲಂಡ್ ತಮ್ಮ ಚಿತ್ರಗಳಿಗೆ ತಾವೇ ಮತ್ತೆ ಬಣ್ಣ ಹಾಕಿದ್ದಾರೆ.

ಕಥೆಯಲ್ಲಿ ಬ್ಯಾಟ್‌ಮ್ಯಾನ್‌ನ ಶತ್ರು ಜೋಕರ್ ಆಗುವ ಮುನ್ನ ಆ ಮನುಷ್ಯ ಯಾರನ್ನೂ ನಗಿಸಲಾಗದ ಬಡ ಹಾಸ್ಯಗಾರ. ಮನೆಯಲ್ಲಿ ಗರ್ಭಿಣಿ ಹೆಂಡತಿ. ಹಣಕ್ಕಾಗಿ ಕಳ್ಳರ ಜೊತೆ ಕೈಜೋಡಿಸಲು ಬಾರಿನಲ್ಲಿ ಕುಳಿತು ಮಾತನಾಡುತ್ತಾನೆ, ಮೇಜಿನ ಮೇಲೆ ಸೀಗಡಿ ಇದೆ. ಹಿಗಿನ್ಸ್ ಈ ಹಳೆಯ ನೆನಪುಗಳಿಗೂ ಬಣ್ಣ ತುಂಬಿದ್ದರು. ಬೋಲಂಡ್ ಅದೇ ಪುಟವನ್ನು ಕಪ್ಪುಬಿಳುಪು ಮಾಡಿ ಸೀಗಡಿಯನ್ನಷ್ಟೇ ಕೆಂಪಾಗಿ ಬಿಟ್ಟರು. ಕೊನೆಗೆ ಅವನ ತಲೆಗೆ ಕಳ್ಳರ ಕೆಂಪು ಮುಸುಕು ಏರುವಾಗ ಆ ಕೆಂಪು ಎಲ್ಲಿಂದ ನಡೆದುಬಂತೆಂದು ಓದುಗನಿಗೆ ಗೊತ್ತಿರುತ್ತದೆ. ಬ್ಯಾಟ್‌ಮ್ಯಾನ್ ಎದೆಯ ಬಾವಲಿಯ ಸುತ್ತಲಿನ ಹಳದಿ ವೃತ್ತವೂ 2008ರಲ್ಲಿ ಇಲ್ಲ.

ಹೊಸದೇ ಮೇಲು ಎಂದು ಅನೇಕರ ಮತ. ನೆನಪಿನ ಪುಟಗಳ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೆ ಹಾಳುಬಿದ್ದ ಜಾತ್ರೆ ಮೈದಾನದಲ್ಲಿ ಪೊಲೀಸ್ ಕಮಿಷನರ್ ಗಾರ್ಡನ್‌ರನ್ನು ಜೋಕರ್ ಚಿತ್ರಹಿಂಸೆಗೆ ಗುರಿಮಾಡುವ ಪುಟಗಳಿಗೆ ಹಿಗಿನ್ಸ್‌ರ ನೇರಳೆ, ಹಳದಿಗಳ ಅಬ್ಬರವೇ ಬೇಕು. ಕಣ್ಣಿಗೆ ಹಿಂಸೆಯಾಗುತ್ತದೆ ಎಂದು ದೂರುವವರಿಗೆ ನನ್ನ ಉತ್ತರ: ಆಗಬೇಕಾದದ್ದೇ. ಹೊಸ ಆವೃತ್ತಿಯ ಹದವಾದ ಬಣ್ಣದಲ್ಲಿ ಆ ಹುಚ್ಚು ಸಭ್ಯವಾಗಿಬಿಟ್ಟಿದೆ.

ಹಿಗಿನ್ಸ್‌ರ ಬಣ್ಣ ನೋಡಲು ಮೂರರಲ್ಲಿ ಒಂದು ಸಾಕಾದ್ದರಿಂದ ಗುಲಾಬಿ ಮತ್ತು ಹಳದಿ ಪ್ರತಿಗಳನ್ನು ಕೊಟ್ಟುಬಿಟ್ಟೆ. ಹಸಿರಿನದನ್ನು ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್‌ನ ಚೀಲದಲ್ಲಿ, ಆಮ್ಲರಹಿತ ರಟ್ಟಿನ ಜೊತೆ ನೇರವಾಗಿ ನಿಲ್ಲಿಸಿಟ್ಟಿದ್ದೇನೆ. ಮಳೆಗಾಲದಲ್ಲಿ ಪೆಟ್ಟಿಗೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತೇನೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಪ್ರತಿಯ ಸ್ಥಿತಿಗೆ ಅಂಕ ಕೊಟ್ಟು ಕಳಿಸುವ ಸಂಸ್ಥೆಗಳಿಗೆ ಕೊಡುವ ಯೋಚನೆ ಇಲ್ಲ. ಬಣ್ಣ ನೋಡಲೆಂದೇ ಇಟ್ಟುಕೊಂಡ ಪುಸ್ತಕವನ್ನು ತೆರೆಯಲಾಗದಂತೆ ಮಾಡಿ ಏನು ಪ್ರಯೋಜನ?

ಮುದ್ರಣಗಳ ಬೆನ್ನು ಹತ್ತುವ ಆಸೆಯಿಲ್ಲದೆ ಎರಡೂ ಬಣ್ಣಗಳನ್ನು ಹೋಲಿಸಿ ಓದಬೇಕೆನ್ನುವವರಿಗೆ ಮೂವತ್ತನೇ ವರ್ಷಕ್ಕೆ, 2018ರಲ್ಲಿ ಬಂದ ದೊಡ್ಡ ಗಾತ್ರದ ‘ಆ್ಯಬ್ಸಲ್ಯೂಟ್’ ಆವೃತ್ತಿ ಸಾಕು. ಅದರಲ್ಲಿ ಹಿಗಿನ್ಸ್ ಮತ್ತು ಬೋಲಂಡ್ ಇಬ್ಬರ ಬಣ್ಣವೂ ಇದೆ. ಬೆಲೆ ಹೆಚ್ಚು, ತೂಕವೂ ಹೆಚ್ಚು. ಹೊರದೇಶದಿಂದ ತರಿಸುವುದಾದರೆ ಅಂಚೆ ವೆಚ್ಚವನ್ನು ಮೊದಲೇ ಕೇಳಿಕೊಳ್ಳಿ.