ಕಹಿ ಕುಡಿಯುವ ಮೊದಲು ತಟ್ಟೆ ನೋಡಿ

ತುಂಗಭದ್ರಾ ಕಾಲುವೆಯ ನೀರು ಗಂಗಾವತಿ, ಸಿಂಧನೂರು ಕಡೆಯ ಹೊಲಗಳನ್ನು ಗದ್ದೆ ಮಾಡಿತು. ತಟ್ಟೆಯಲ್ಲಿ ರೊಟ್ಟಿಯ ಜಾಗಕ್ಕೆ ಸೋನಾ ಮಸೂರಿ ಅನ್ನ ಬಂದು ಕುಳಿತಿತು. ಬೆಳಿಗ್ಗೆ ಹಾಗಲಕಾಯಿ ರಸ ಕುಡಿದು ಮಧ್ಯಾಹ್ನ ಮೂರು ಸಲ ಅನ್ನ ಬಡಿಸಿಕೊಂಡರೆ ಸಕ್ಕರೆ ಕಾಯಿಲೆಯವರ ರಕ್ತದ ಸಕ್ಕರೆ ಇಳಿಯುವುದಿಲ್ಲ. ಸಕ್ಕರೆ ಕಾಯಿಲೆಯೂ ಸೇರುವ ಪ್ರಮೇಹದ ಕಾರಣಗಳನ್ನು ಎಣಿಸುವಾಗ ಆಯುರ್ವೇದದ ಚರಕಸಂಹಿತೆ ಕುಳಿತಿರುವ ಸುಖ, ನಿದ್ದೆಯ ಸುಖ, ಮೊಸರು, ಹೊಸ ಧಾನ್ಯಗಳ ಜೊತೆ ಬೆಲ್ಲದ ತಿನಿಸನ್ನೂ ಹೆಸರಿಸುತ್ತದೆ. 'ಬೆಲ್ಲ ತಾನೇ' ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವವರು ಗಮನಿಸಬೇಕು.

ಮೊದಲು ರಕ್ತ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ರೊಳಗಿದ್ದರೆ (ಡೆಸಿಲೀಟರ್‌ಗೆ ಮಿ.ಗ್ರಾಂ ಲೆಕ್ಕ) ಸಹಜ. 126 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ.

ಆಮೇಲೆ ಊಟ. ಅನ್ನ ತಗ್ಗಿಸಿ, ಪುಂಡಿ ಪಲ್ಯ, ಹೆಸರುಕಾಳು, ಸೊಪ್ಪು ಹೆಚ್ಚಿಸಿ. ಜೋಳವೂ ಪಿಷ್ಟವೇ, ರೊಟ್ಟಿಯನ್ನೂ ಎಣಿಸಿಯೇ ತಿನ್ನಿ. ಚರಕರು ಮೆಚ್ಚಿದ್ದು ಯವವನ್ನು, ಅಂದರೆ ಬಾರ್ಲಿಯನ್ನು.

ರಾತ್ರಿ ಒಂದು ಚಮಚ ಮೆಂತ್ಯವನ್ನು ಅರ್ಧ ಲೋಟ ನೀರಿನಲ್ಲಿ ನೆನೆಸಿಡಿ. ಬೆಳಿಗ್ಗೆ ನೀರು ಕುಡಿದು, ಕಾಳನ್ನೂ ಅಗಿದು ನುಂಗಿ. ಅನೇಕರು ಕಾಳನ್ನು ಚೆಲ್ಲಿಬಿಡುತ್ತಾರೆ. ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುವ ಲೋಳೆ ನಾರು ಇರುವುದು ಅದರಲ್ಲೇ. ಮಾತ್ರೆಗೂ ಮೆಂತ್ಯಕ್ಕೂ ಎರಡು ತಾಸು ಅಂತರವಿರಲಿ.

ಹಾಗಲಕಾಯಿಯನ್ನು ರಸಕ್ಕಿಂತ ಪಲ್ಯವಾಗಿ ತಿನ್ನುವುದೇ ಸುಲಭ. ನಮ್ಮ ಕಡೆ ಅದಕ್ಕೆ ಧಾರಾಳವಾಗಿ ಬೆಲ್ಲ ಬೀಳುತ್ತದೆ, ಆ ಕೈಯನ್ನು ತಡೆಯಿರಿ. ಹುಣಸೆಹುಳಿ, ಗುರೆಳ್ಳು ಪುಡಿ ಸಾಕು.

ಅರಿಸಿನ, ನೆಲ್ಲಿಕಾಯಿ ಸೇರಿದ ನಿಶಾ-ಆಮಲಕಿ, ಮಧುನಾಶಿನಿ ಸೊಪ್ಪು ಇತ್ಯಾದಿಗಳ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಬಳ್ಳಾರಿಯಲ್ಲಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜು ಇರುವಾಗ ಸಂತೆಯ ಹೆಸರಿಲ್ಲದ ಪುಡಿಯ ಹಂಗೇಕೆ?

ಇನ್ನು ನಡಿಗೆ. ಬಡ ರೋಗಿಯು ಕೊಡೆ, ಕೆರ ಇಲ್ಲದೆ ನೂರು ಯೋಜನ ನಡೆಯಲಿ ಎನ್ನುತ್ತಾನೆ ಸುಶ್ರುತ. ನಡಿಗೆಯ ಮಾತು ಒಪ್ಪತಕ್ಕದ್ದು. ಬರಿಗಾಲಿನದು ಬೇಡವೇ ಬೇಡ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ರಾಯಚೂರಿನ ಬೇಸಿಗೆಯ ನೆಲ ಸುಟ್ಟದ್ದೂ ತಿಳಿಯುವುದಿಲ್ಲ. ಚಪ್ಪಲಿ ಮೆಟ್ಟಿ, ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆದರೆ ಸಾಕು.

ಇದಾವುದೂ ಮಾತ್ರೆ, ಇನ್ಸುಲಿನ್‌ಗೆ ಬದಲಿಯಲ್ಲ. ನೀವಾಗಿ ಅವನ್ನು ನಿಲ್ಲಿಸಬೇಡಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವ ಮನೆಮದ್ದನ್ನೂ ಹಿಡಿಯಬಾರದು. ಮಾತ್ರೆಯ ಜೊತೆ ಮನೆಮದ್ದೂ ಸೇರಿದಾಗ ಬೆವರು, ನಡುಕ, ಕಣ್ಣಿಗೆ ಕತ್ತಲೆ ಬಂದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಿರಬಹುದು. ಆ ಹೊತ್ತಿಗೆ ಮಾತ್ರ ಪಥ್ಯ ಮರೆತು, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಕಾಲು ತಾಸಿನಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿದು ಆಸ್ಪತ್ರೆಗೆ ಹೊರಡಿ.